ಹೆಡ್ ಬಿಚ್ಚಿದ ಕೂಡಲೇ ಒರೆಸಬೇಡಿ

ಇಂಜಿನ್ ಕೆಲಸ ಕಲಿಯುತ್ತಿರುವವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಸಿಲಿಂಡರ್ ಹೆಡ್. ಅದನ್ನು ಬಿಚ್ಚುವುದು, ಪರೀಕ್ಷೆ ಮಾಡುವುದು, ಮತ್ತೆ ಕೂರಿಸುವುದು. ಈ ಮೂರರಲ್ಲಿ ನಡುವಿನ ಕೆಲಸಕ್ಕೆ ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಬಿಚ್ಚುವ ಕ್ರಮ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಕೂರಿಸುವ ಕ್ರಮವೂ ಇರುತ್ತದೆ. ಆದರೆ ನಿಮ್ಮ ಮುಂದಿರುವ ಈ ಇಂಜಿನ್ನಿನ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಕೆಳಗೆ ಸಿಲಿಂಡರ್‌ಗಳಿರುವ ಬ್ಲಾಕಿಗೂ ನಡುವೆ ಕೂರುವ ತೆಳು ಹಾಳೆ, ಯಾಕೆ ಹೋಯಿತು ಅನ್ನುವುದು ಯಾವ ಮ್ಯಾನ್ಯುಯಲ್‌ನಲ್ಲೂ ಇರುವುದಿಲ್ಲ. ಅದು ಗೊತ್ತಾಗುವುದು ಬಿಚ್ಚಿದ ಹೆಡ್ಡನ್ನು, ಹಳೇ ಗ್ಯಾಸ್ಕೆಟ್ಟನ್ನು, ಪಿಸ್ಟನ್ ತಲೆಗಳನ್ನು ಕೂತು ನೋಡಿದಾಗ ಮಾತ್ರ. ತುಂಬಾ ಜನ ಮಾಡುವುದೇನು ಅಂದರೆ, ಹೆಡ್ ಮೇಲೆತ್ತಿದ ಹತ್ತನೇ ನಿಮಿಷಕ್ಕೆ ಎಲ್ಲವನ್ನೂ ಉಜ್ಜಿ ಫಳಫಳ ಮಾಡಿಬಿಡುತ್ತಾರೆ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚುತ್ತಾರೆ, ಕೆಲವು ತಿಂಗಳಿಗೆ ಅದೇ ಗಾಡಿ ಅದೇ ದೂರಿನೊಂದಿಗೆ ವಾಪಸ್ ಬರುತ್ತದೆ.

ಮೊದಲು ಈ ಜಾಗದಲ್ಲಿ ಏನು ನಡೆಯುತ್ತದೆ ಅಂತ ನೋಡೋಣ. ಹೆಡ್ ಅಂದರೆ ಸಿಲಿಂಡರ್‌ಗಳ ಮೇಲ್ಛಾವಣಿ. ವಾಲ್ವ್, ಸ್ಪಾರ್ಕ್ ಪ್ಲಗ್ ಅಥವಾ ಇಂಜೆಕ್ಟರ್, ಗಾಳಿ ಬರುವ ಹೊಗೆ ಹೋಗುವ ದಾರಿಗಳು, ಕೂಲಂಟ್ ಮತ್ತು ಆಯಿಲ್ ಓಡಾಡುವ ದಾರಿಗಳು ಎಲ್ಲವೂ ಅದರೊಳಗೇ ಇವೆ. ಈಗಿನ ಬಹುತೇಕ ಕಾರುಗಳಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಕೂಡ ಅಲ್ಲೇ ಕೂತಿರುತ್ತದೆ. 80 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ) ಇರುವ ಸಾಧಾರಣ ಪೆಟ್ರೋಲ್ ಇಂಜಿನ್ ತೆಗೆದುಕೊಳ್ಳಿ. ಉರಿಯುವಾಗ ಒತ್ತಡ 60 ಬಾರ್ ಮುಟ್ಟಿತು ಅಂತ ಇಟ್ಟುಕೊಂಡರೆ ಆ ಒಂದು ಸಿಲಿಂಡರ್ ಹೆಡ್ಡನ್ನು ಸುಮಾರು 3 ಟನ್ ಬಲದಲ್ಲಿ ಮೇಲಕ್ಕೆ ತಳ್ಳುತ್ತದೆ. ಇಂಜಿನ್ 3000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಇದು ಪ್ರತಿ ಸಿಲಿಂಡರ್‌ನಲ್ಲೂ ಸೆಕೆಂಡಿಗೆ 25 ಸಲ. ಟರ್ಬೊ ಡೀಸೆಲ್ ಆದರೆ ಒತ್ತಡ ಇದರ ಎರಡು ಮೂರು ಪಟ್ಟು. ಉರಿಯುವ ಗ್ಯಾಸಿನ ಬಿಸಿ 2000 ಡಿಗ್ರಿ ದಾಟುತ್ತದೆ, ಅಲ್ಲಿಂದ ಕೆಲವೇ ಮಿಲಿಮೀಟರ್ ಆಚೆ 90 ಡಿಗ್ರಿಯ ಕೂಲಂಟ್ ಹರಿಯುತ್ತಿರುತ್ತದೆ. ಇವೆರಡರ ನಡುವೆ, ಪಕ್ಕದಲ್ಲೇ ಆಯಿಲ್ಲನ್ನೂ ತಡೆದುಕೊಂಡು ನಿಂತಿರುವುದು ಒಂದು ತೆಳು ಗ್ಯಾಸ್ಕೆಟ್.

ಇದಕ್ಕೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ ಅನ್ನುವ ಜೋಡಿ ತುಂಬಾ ಇಂಜಿನ್‌ಗಳಲ್ಲಿದೆ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಹೆಡ್ 80 ಡಿಗ್ರಿ ಬಿಸಿ ಏರಿದರೆ ಸುಮಾರು 0.9 ಮಿ.ಮೀ. ಉದ್ದವಾಗುತ್ತದೆ, ಕೆಳಗಿನ ಬ್ಲಾಕ್ 0.45 ಮಿ.ಮೀ.ನಷ್ಟು ಮಾತ್ರ. ಅಂದರೆ ಪ್ರತಿ ಸಲ ಇಂಜಿನ್ ಬಿಸಿಯಾಗಿ ತಣ್ಣಗಾದಾಗಲೂ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅಷ್ಟು ಜರುಗುತ್ತದೆ. ಸರಿಯಾದ ಬಿಸಿಯಲ್ಲಿ ಓಡುವ ಇಂಜಿನ್ ಇದನ್ನು ವರ್ಷಗಟ್ಟಲೆ ತಡೆದುಕೊಳ್ಳುತ್ತದೆ. ಹೀಟ್ ಆದ ಇಂಜಿನ್ನಿನಲ್ಲಿ ಹೆಡ್ಡಿಗೆ ಉದ್ದಕ್ಕೆ ಹಿಗ್ಗಲು ಬೋಲ್ಟ್‌ಗಳು ಬಿಡುವುದಿಲ್ಲ, ಆಗ ಅದು ನಡುವೆ ಉಬ್ಬುತ್ತದೆ, ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರುವುದಿಲ್ಲ.

ಸರಿ, ಬಿಚ್ಚುವ ಮೊದಲು ಬಿಚ್ಚಲೇಬೇಕಾ ಅಂತ ಖಚಿತ ಮಾಡಿಕೊಳ್ಳಿ. ಆಯಿಲ್ ಹಾಕುವ ಮುಚ್ಚಳದ ಕೆಳಗೆ ಕೆನೆಬಣ್ಣದ ಪದರ ಕಂಡ ಕೂಡಲೇ ಗ್ಯಾಸ್ಕೆಟ್ ಹೋಗಿದೆ ಅನ್ನುವವರಿದ್ದಾರೆ. ಚಳಿಯಲ್ಲಿ ಬರೀ ಹತ್ತಿರದ ಓಡಾಟ ಮಾಡುವ ಗಾಡಿಯಲ್ಲಿ ಹಬೆ ತಣ್ಣಗಾಗಿ ಮುಚ್ಚಳದ ಕೆಳಗೆ ಅದೇ ಪದರ ಕಟ್ಟುತ್ತದೆ. ಡಿಪ್‌ಸ್ಟಿಕ್ ಮೇಲಿನ ಆಯಿಲ್ಲೇ ಹಾಲುಹಾಲಾಗಿದ್ದರೆ ಅದು ಬೇರೆ ಮಾತು. ಹಾಗೆಯೇ ಕೂಲಂಟಿನಲ್ಲಿ ಆಯಿಲ್ ತೇಲುತ್ತಿದ್ದರೆ ಅದು ಆಯಿಲ್ ಕೂಲರ್ ಒಳಗೆ ಒಡೆದದ್ದೂ ಆಗಿರಬಹುದು. ಹೆಡ್ ಬಿಚ್ಚಿ, ಎರಡು ದಿನ ಕೆಲಸ ಮಾಡಿ, ಆಮೇಲೆ ಕೂಲರ್ ಅಂತ ಗೊತ್ತಾದರೆ ಯಾರಿಗೆ ಖುಷಿ? ಹಾಗಾಗಿ ಮೊದಲು ಕೂಲಿಂಗ್ ಸಿಸ್ಟಮ್ಮಿಗೆ ಪ್ರೆಷರ್ ಕೊಟ್ಟು ನೋಡಿ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಪರೀಕ್ಷೆ ಮಾಡಿ. ಉರಿದ ಗ್ಯಾಸ್ ಕೂಲಂಟಿಗೆ ಬರುತ್ತಿದ್ದರೆ ಆ ದ್ರವ ಹಳದಿಗೆ ತಿರುಗುತ್ತದೆ. ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರಿ ಒತ್ತಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ, ನೋಡಿ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಕಂಪ್ರೆಷನ್ ಒಟ್ಟಿಗೆ ಬಿದ್ದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಅಂತ ಬಹುಮಟ್ಟಿಗೆ ಹೇಳಬಹುದು. ಇಂಥ ಕೇಸಿನಲ್ಲಿ ಕೂಲಂಟ್ ಕಮ್ಮಿಯಾಗುವುದಿಲ್ಲ, ಆಯಿಲ್ ಹಾಲಾಗುವುದಿಲ್ಲ, ಬಿಳಿ ಹೊಗೆಯೂ ಬರುವುದಿಲ್ಲ, ಹಾಗಾಗಿ ಕಂಪ್ರೆಷನ್ ನೋಡದವರಿಗೆ ಇದು ಸಿಗುವುದೇ ಇಲ್ಲ. ಈ ಅಳತೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಕಣ್ಣಿಗೆ ಕಾಣುವುದನ್ನು ಇವುಗಳ ಜೊತೆ ಹೋಲಿಸಬೇಕು.

ಬಿಚ್ಚುವ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತಿದ್ದರೆ ಒಳ್ಳೆಯದು. ಬಿಸಿ ಹೆಡ್ಡಿನ ಬೋಲ್ಟ್ ಸಡಿಲಿಸಿದರೆ ಸೊಟ್ಟಗಾಗದ ಹೆಡ್ಡೂ ಸೊಟ್ಟಗಾಗಬಹುದು. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಇಂಧನದ ಪೈಪಿನ ಪ್ರೆಷರ್ ಇಳಿಸಿ, ಕೂಲಂಟ್ ಇಳಿಸಿ. ರೇಡಿಯೇಟರ್ ಖಾಲಿಯಾದರೂ ಬ್ಲಾಕಿನಲ್ಲಿ ಕೂಲಂಟ್ ನಿಂತಿರುತ್ತದೆ, ಬ್ಲಾಕಿಗೆ ಬೇರೆ ಡ್ರೈನ್ ಪ್ಲಗ್ ಇದ್ದರೆ ಅದನ್ನೂ ತೆಗೆಯಿರಿ. ಒಂದೊಂದು ಕನೆಕ್ಟರ್, ಒಂದೊಂದು ಹೋಸ್ ತೆಗೆಯುವ ಮೊದಲು ಫೋಟೊ ತೆಗೆದು ಗುರುತು ಕಟ್ಟಿ. ಮೊದಲ ಸಿಲಿಂಡರನ್ನು ಟಿಡಿಸಿಗೆ, ಅಂದರೆ ಪಿಸ್ಟನ್ ತೀರಾ ಮೇಲೆ ಬರುವ ಜಾಗಕ್ಕೆ, ತಂದು ಟೈಮಿಂಗ್ ಗುರುತುಗಳನ್ನು ಕಣ್ಣಾರೆ ನೋಡಿದ ಮೇಲೆಯೇ ಬೆಲ್ಟ್ ಅಥವಾ ಚೈನ್ ಬಿಡಿಸಿ. ಲಾಕ್ ಮಾಡುವ ಪಿನ್ ಇದ್ದರೆ ಬಳಸಿ. ಎಷ್ಟೋ ಇಂಜಿನ್‌ಗಳಲ್ಲಿ ಬೆಲ್ಟ್ ಇಲ್ಲದೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಅಥವಾ ಕ್ಯಾಮ್ ತಿರುಗಿಸಿದರೆ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತದೆ.

ಹೆಡ್ ಬೋಲ್ಟ್‌ಗಳನ್ನು ಸಡಿಲಿಸುವಾಗ ತುದಿಗಳಿಂದ ನಡುವಿಗೆ ಬನ್ನಿ, ಬಿಗಿಯುವ ಕ್ರಮಕ್ಕೆ ಪೂರ್ತಿ ಉಲ್ಟಾ. ಒಂದೇ ಸಲಕ್ಕೆ ಒಂದು ಬೋಲ್ಟನ್ನು ಪೂರ್ತಿ ಬಿಡಿಸಬೇಡಿ. ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಕಾಲು ಸುತ್ತು, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಬೋಲ್ಟ್‌ಗಳು ಯಾವ ತೂತಿನಿಂದ ಬಂದವೋ ಅದೇ ಕ್ರಮದಲ್ಲಿ ಒಂದು ರಟ್ಟಿಗೆ ಚುಚ್ಚಿಡಿ. ವಾಲ್ವ್ ತಳ್ಳುವ ಭಾಗಗಳಾದ ಪುಶ್‌ರಾಡ್, ರಾಕರ್, ಟ್ಯಾಪೆಟ್‌ಗಳಿಗೂ, ಕ್ಯಾಮ್ ಕ್ಯಾಪ್‌ಗಳಿಗೂ ಇದೇ ಮಾತು. ಜೊತೆಗೆ ಸವೆದ ಎರಡು ಭಾಗಗಳು ಮತ್ತೆ ಜೊತೆಯಾಗಿಯೇ ಕೂರಬೇಕು.

ಬೋಲ್ಟ್ ತೆಗೆದರೂ ಹೆಡ್ ಏಳದಿದ್ದರೆ ಹೆಡ್ ಮತ್ತು ಬ್ಲಾಕಿನ ನಡುವೆ ಸ್ಕ್ರೂಡ್ರೈವರ್ ತೂರಿಸಬೇಡಿ, ದಯವಿಟ್ಟು. ಅಲ್ಯೂಮಿನಿಯಂ ಮುಖದ ಮೇಲೆ ಬಿದ್ದ ಒಂದು ಗೀರು ನಾಳೆ ಕೂಲಂಟ್ ಸೋರುವ ದಾರಿ. ಮೀಟಲು ಅಂತಲೇ ಬಿಟ್ಟ ಜಾಗಗಳು ಎರಕದಲ್ಲಿ ಇರುತ್ತವೆ, ಅಲ್ಲಿ ಮೀಟಿ. ಜೊತೆಗೆ ಯಾವುದಾದರೂ ಬೋಲ್ಟ್ ಉಳಿದಿದೆಯಾ ನೋಡಿ. ಟೈಮಿಂಗ್ ಕವರ್ ಕಡೆಯಲ್ಲಿ ಒಂದೆರಡು ಸಣ್ಣ ಬೋಲ್ಟ್‌ಗಳು ಅಡಗಿ ಕೂತಿರುವುದು ಮಾಮೂಲಿ. ವೆಟ್ ಲೈನರ್, ಅಂದರೆ ಹೊರಮೈಗೆ ಕೂಲಂಟ್ ತಾಗುವ ಬಿಡಿ ಸಿಲಿಂಡರ್ ಕೊಳವೆ, ಇರುವ ಇಂಜಿನ್ ಆದರೆ ಹೆಡ್ ಎತ್ತಿದ ಮೇಲೆ ಲೈನರ್‌ಗಳನ್ನು ಕ್ಲ್ಯಾಂಪಿನಲ್ಲಿ ಹಿಡಿದಿಡಬೇಕು. ಕ್ರ್ಯಾಂಕ್ ತಿರುಗಿದರೆ ಲೈನರ್ ಎದ್ದು ಕೆಳಗಿನ ಸೀಲ್ ಬಿಡುತ್ತದೆ, ಆಗ ಹೆಡ್ ಕೆಲಸಕ್ಕೆ ಹೋದವರು ಬ್ಲಾಕ್ ಕೆಲಸಕ್ಕೆ ಇಳಿಯಬೇಕಾಗುತ್ತದೆ. ಎತ್ತಿದ ಹೆಡ್ಡನ್ನು ಮುಖ ಕೆಳಗೆ ಮಾಡಿ ಬೆಂಚ್ ಮೇಲೆ ಇಡಬೇಡಿ, ತೆರೆದಿರುವ ವಾಲ್ವ್ ಬಾಗುತ್ತದೆ. ಎರಡು ಮರದ ತುಂಡುಗಳ ಮೇಲೆ ಇಡಿ.

ಈಗ ನಾನು ಹೇಳಬೇಕೆಂದು ಬಂದ ಮಾತು. ಬಟ್ಟೆ, ಸ್ಕ್ರ್ಯಾಪರ್, ಪೆಟ್ರೋಲ್ ಎಲ್ಲವನ್ನೂ ಆಚೆ ಇಡಿ. ಲೈಟ್ ಹಿಡಿದು ನೋಡಿ. ಫೋಟೊ ತೆಗೆಯಿರಿ, ಎಲ್ಲ ಸಿಲಿಂಡರ್‌ಗಳದ್ದೂ, ಗ್ಯಾಸ್ಕೆಟ್ಟಿನ ಎರಡೂ ಬದಿಯದ್ದೂ.

ಪಿಸ್ಟನ್‌ಗಳಿಂದ ಶುರು ಮಾಡಿ. ಮೂರು ಪಿಸ್ಟನ್ ತಲೆಗಳ ಮೇಲೆ ಒಂದೇ ಥರದ ಮಸಿ ಇದ್ದು, ನಾಲ್ಕನೆಯದು ತೊಳೆದಿಟ್ಟ ಹಾಗೆ ಸ್ವಚ್ಛವಾಗಿದ್ದರೆ ಅಲ್ಲಿಗೆ ಕೂಲಂಟ್ ಇಳಿಯುತ್ತಿತ್ತು. ಹಬೆ ಆ ಮಸಿಯನ್ನು ಕಿತ್ತು ಹಾಕಿರುತ್ತದೆ. ಇನ್‌ಲೆಟ್ ವಾಲ್ವಿನ ಹಿಂಬದಿಯಲ್ಲಿ ದಪ್ಪ, ಜಿಡ್ಡಾದ ಮಸಿ ಇದ್ದರೆ ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ) ಅಥವಾ ಅದರ ಆಯಿಲ್ ಸೀಲ್ ಮೇಲೆ ಕಣ್ಣಿಡಿ. ಪಿಸ್ಟನ್ ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳು, ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಅಲ್ಯೂಮಿನಿಯಂ ಚುಕ್ಕೆಗಳು ಕಂಡರೆ ಆ ಇಂಜಿನ್ ನಾಕಿಂಗ್ (ಇಂಧನ ಹದತಪ್ಪಿ ಸಿಡಿದಂತೆ ಉರಿಯುವುದು) ಆಗಿ ಓಡಿದೆ.

ಆಮೇಲೆ ಗ್ಯಾಸ್ಕೆಟ್. ಸಿಲಿಂಡರ್ ಸುತ್ತ ಇರುವ ಬೆಂಕಿ ಉಂಗುರವನ್ನು ಬೆರಳಲ್ಲಿ ಸವರಿ. ಎಲ್ಲಿ ಅದು ಒಡೆದಿದೆ, ಎಲ್ಲಿ ಜಜ್ಜಿದೆ, ಎಲ್ಲಿಂದ ಕಪ್ಪು ಗೆರೆಯೊಂದು ಹೊರಟು ಪಕ್ಕದ ಸಿಲಿಂಡರ್ ಕಡೆಗೋ ಕೂಲಂಟ್ ತೂತಿನ ಕಡೆಗೋ ಹೋಗಿದೆ ನೋಡಿ. ಆ ಕಪ್ಪು ಗೆರೆ ಗ್ಯಾಸ್ ನುಗ್ಗಿದ ದಾರಿ. ಅದು ಯಾವ ಎರಡು ಬೋಲ್ಟ್‌ಗಳ ನಡುವೆ ಇದೆ? ಆ ಬೋಲ್ಟ್‌ಗಳನ್ನು ಬಿಚ್ಚುವಾಗ ಸುಲಭವಾಗಿ ಬಂದವಾ? ಹೆಡ್ಡಿನಲ್ಲಿ ಅದೇ ಜಾಗ ತಗ್ಗಾಗಿದೆಯಾ? ಹೀಗೆ ಒಂದಕ್ಕೊಂದು ಜೋಡಿಸುತ್ತಾ ಹೋಗಿ. ಉಂಗುರ ಜಜ್ಜಿ ಹೋಗಿದ್ದು ಪಿಸ್ಟನ್ನಿನಲ್ಲೂ ಗುಳಿಗಳಿದ್ದರೆ ಕಾರಣ ನಾಕಿಂಗ್, ಹಾಗಾಗಿ ಇಗ್ನಿಷನ್ ಟೈಮಿಂಗ್, ಪೆಟ್ರೋಲ್ ಮಿಶ್ರಣ ಇವುಗಳ ಕಡೆ ಹೋಗಬೇಕು. ಕೂಲಂಟ್ ತೂತುಗಳ ಅಂಚು ತಿಂದುಹೋಗಿ, ಹೆಡ್ಡಿನ ತೂತು ಗ್ಯಾಸ್ಕೆಟ್ಟಿನ ತೂತಿಗಿಂತ ದೊಡ್ಡದಾಗಿದ್ದರೆ ಬರೀ ನೀರು ಹಾಕಿಯೋ ಹಳೇ ಕೂಲಂಟ್ ಬದಲಿಸದೆಯೋ ಓಡಿಸಿದ್ದಾರೆ. ಇಡೀ ಗ್ಯಾಸ್ಕೆಟ್ ನಡುಭಾಗದಲ್ಲಿ ಒಣಗಿ ಸುಟ್ಟಂತಿದ್ದು ಹೆಡ್ಡೂ ಬಾಗಿದ್ದರೆ ಇಂಜಿನ್ ಹೀಟ್ ಆಗಿದೆ. ಆಗ ಮುಂದಿನ ಪ್ರಶ್ನೆ, ಯಾಕೆ ಹೀಟ್ ಆಯಿತು? ಥರ್ಮೋಸ್ಟಾಟ್ ಅಂಟಿಕೊಂಡಿತ್ತಾ, ರೇಡಿಯೇಟರ್ ಕಟ್ಟಿತ್ತಾ, ಫ್ಯಾನ್ ತಿರುಗಲಿಲ್ಲವಾ, ವಾಟರ್ ಪಂಪಿನ ರೆಕ್ಕೆ ಸವೆದಿತ್ತಾ?

ಗಾಡಿ ಓಡಿಸಿದವರು 'ಟೆಂಪರೇಚರ್ ಮುಳ್ಳು ಮೇಲೇರಲೇ ಇಲ್ಲ' ಅಂದರೆ ಅವರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ. ಕೂಲಂಟ್ ಸೋರಿ ಖಾಲಿಯಾಗಿ ಸೆನ್ಸರ್ ಸುತ್ತ ಬರೀ ಗಾಳಿ ಉಳಿದರೆ, ಹೆಡ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಅವರನ್ನು ಬೈಯುವ ಬದಲು ಕೂಲಂಟ್ ಎಲ್ಲಿಂದ ಹೋಯಿತು ಹುಡುಕಿ.

ಇಷ್ಟೆಲ್ಲ ಓದಿ, ಬರೆದುಕೊಂಡ ಮೇಲೆ ಕ್ಲೀನ್ ಮಾಡಿ. ಇಲ್ಲೂ ಒಂದು ಎಚ್ಚರಿಕೆ. ಗ್ಯಾಸ್ಕೆಟ್ ಉಳಿಕೆ ತೆಗೆಯಲು ಏರ್ ಗ್ರೈಂಡರಿಗೆ ಹಾಕುವ ಒರಟು ನೈಲಾನ್ ಡಿಸ್ಕ್‌ಗಳು ಎಲ್ಲ ಕಡೆ ಇವೆ, ಕೆಲಸ ಬೇಗ ಆಗುತ್ತದೆ. ಅವುಗಳಲ್ಲಿರುವುದು ಅಲ್ಯೂಮಿನಿಯಂ ಆಕ್ಸೈಡ್ ಕಣಗಳು. ಅವು ಉದುರಿ ಆಯಿಲ್ ದಾರಿಗೆ ಸೇರಿದರೆ ಬೇರಿಂಗ್‌ಗಳನ್ನು ತಿಂದು ಹಾಕುತ್ತವೆ. ಜನರಲ್ ಮೋಟರ್ಸ್ ಕಂಪನಿ ಇಂಥ ಡಿಸ್ಕ್ ಬಳಸಬೇಡಿ ಅಂತ ತನ್ನ ಮೆಕ್ಯಾನಿಕ್‌ಗಳಿಗೆ ಸರ್ವೀಸ್ ಬುಲೆಟಿನ್ನನ್ನೇ ಹೊರಡಿಸಿತ್ತು. ಅದೂ ಅಲ್ಲದೆ, ಡಿಸ್ಕ್ ಮೆತ್ತಗಿನ ಅಲ್ಯೂಮಿನಿಯಂ ಮೇಲೆ ಒಂದೇ ಕಡೆ ನಿಂತರೆ ಕಣ್ಣಿಗೆ ಕಾಣದ ಗುಂಡಿ ಬೀಳುತ್ತದೆ. ನನ್ನ ಸಲಹೆ, ಗ್ಯಾಸ್ಕೆಟ್ ಕರಗಿಸುವ ದ್ರವ ಹಚ್ಚಿ ಕಾಯಿರಿ, ಪ್ಲಾಸ್ಟಿಕ್ ಸ್ಕ್ರ್ಯಾಪರ್‌ನಲ್ಲಿ ಕೆರೆಯಿರಿ. ಬ್ಲಾಕಿನ ಮೇಲೆ ಕೆಲಸ ಮಾಡುವಾಗ ಸಿಲಿಂಡರ್, ಆಯಿಲ್ ತೂತು, ಕೂಲಂಟ್ ತೂತುಗಳಿಗೆಲ್ಲ ಬಟ್ಟೆ ತುರುಕಿ. ತುರುಕಿದ್ದು ಎಷ್ಟು, ತೆಗೆದದ್ದು ಎಷ್ಟು, ಲೆಕ್ಕ ಇಡಿ.

ಈಗ ಅಳತೆ. ಬೇಕಾಗುವುದು ಒಳ್ಳೆಯ ಸ್ಟ್ರೈಟ್ ಎಡ್ಜ್ ಮತ್ತು ಫೀಲರ್ ಗೇಜ್. ಸಾಮಾನ್ಯ ಸ್ಟೀಲ್ ಸ್ಕೇಲ್ ಸಾಲದು, ಅದೇ ಬಾಗಿರುತ್ತದೆ. ಸ್ಟ್ರೈಟ್ ಎಡ್ಜನ್ನು ಉದ್ದದ ಎರಡು ಅಂಚಿನಲ್ಲಿ, ಎರಡು ಕರ್ಣಗಳಲ್ಲಿ, ಅಡ್ಡಕ್ಕೆ ಎರಡು ಮೂರು ಕಡೆ ಇಟ್ಟು ಕೆಳಗೆ ಎಷ್ಟು ದಪ್ಪದ ಎಲೆ ತೂರುತ್ತದೆ ನೋಡಿ. ಉಕ್ಕಿನ ಹಲವು ಪದರಗಳ ಗ್ಯಾಸ್ಕೆಟ್ ಅಂದರೆ ಎಂಎಲ್‌ಎಸ್ ಬಳಸುವ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.05 ಮಿ.ಮೀ. ಮಿತಿ ಇರುತ್ತದೆ. ಅದು ತಲೆಗೂದಲಿಗಿಂತ ತೆಳು. ಹಳೇ ಕಾಂಪೊಸಿಟ್ (ನಾರು ಬೆರೆತ ಮೆತ್ತಗಿನ) ಗ್ಯಾಸ್ಕೆಟ್ಟಿನ ಇಂಜಿನ್‌ಗಳಲ್ಲಿ 0.1 ಮಿ.ಮೀ. ವರೆಗೂ ಬಿಡುವುದುಂಟು. ನಿಮ್ಮ ಇಂಜಿನ್ನಿಗೆ ಮ್ಯಾನ್ಯುಯಲ್ ಕೊಟ್ಟ ಅಂಕಿಯೇ ಅಂತಿಮ. ಇಷ್ಟೇ ಅಳತೆಯನ್ನು ಬ್ಲಾಕಿನ ಮುಖದಲ್ಲೂ ಮಾಡಬೇಕು. ಹೆಡ್ಡನ್ನು ಕನ್ನಡಿ ಥರ ಮಾಡಿಸಿ ತಂದು, ಬ್ಲಾಕನ್ನು ನೋಡದೆ ಕೂರಿಸುವವರು ಅರ್ಧ ಕೆಲಸ ಮಾತ್ರ ಮಾಡಿರುತ್ತಾರೆ.

ಮುಖದ ನುಣುಪು ಕೂಡ ಮುಖ್ಯ. ಎಂಎಲ್‌ಎಸ್ ಗ್ಯಾಸ್ಕೆಟ್ಟಿಗೆ ತುಂಬಾ ನುಣುಪಾದ ಮುಖ ಬೇಕು, ಒರಟುತನ 0.8 ಮೈಕ್ರಾನ್ ಅಥವಾ ಅದಕ್ಕಿಂತ ಕಮ್ಮಿ. ಮೆತ್ತಗಿನ ಕಾಂಪೊಸಿಟ್ ಗ್ಯಾಸ್ಕೆಟ್ ಸ್ವಲ್ಪ ಒರಟಾದ ಮುಖದಲ್ಲೂ ಹಿಡಿದುಕೊಳ್ಳುತ್ತದೆ. ಹಾಗಾಗಿ ಹಳೇ ಇಂಜಿನ್ನಿಗೆ ಎಂಎಲ್‌ಎಸ್ ಹಾಕಿದರೆ ಗಟ್ಟಿ ಅಂತ ಸುಮ್ನೆ ಬದಲಾಯಿಸಬೇಡಿ, ಮುಖ ಅದಕ್ಕೆ ತಕ್ಕಂತೆ ಇರಬೇಕು.

ಹೆಡ್ ಬಾಗಿದೆ ಅಂತಾಯಿತು, ಮಷೀನ್ ಶಾಪಿಗೆ ಕೊಟ್ಟು ಫೇಸಿಂಗ್ ಮಾಡಿಸಿದರೆ ಮುಗಿಯಿತಲ್ವಾ? ಇಲ್ಲಿ ಸ್ವಲ್ಪ ನಿಲ್ಲೋಣ. ಓವರ್‌ಹೆಡ್ ಕ್ಯಾಮ್ ಇರುವ ಹೆಡ್ ಬಾಗಿದಾಗ ಅದರ ಕೆಳಮುಖ ಒಂದೇ ಬಾಗುವುದಿಲ್ಲ. ಮೇಲೆ ಕ್ಯಾಮ್ ಕೂರುವ ತೊಟ್ಟಿಲುಗಳ ಸಾಲೂ ಬಾಗಿರುತ್ತದೆ. ಕೆಳಗೆ ತುರಿದು ಮಟ್ಟ ಮಾಡಿದರೆ ಗ್ಯಾಸ್ಕೆಟ್ ಕೂರುತ್ತದೆ, ಮೇಲಿನ ಸಾಲು ಮಾತ್ರ ಹಾಗೇ ಉಳಿಯುತ್ತದೆ. ಕ್ಯಾಮ್ ಕೂರಿಸಿ ಕ್ಯಾಪ್ ಬಿಗಿದು, ಟ್ಯಾಪೆಟ್ ಹಾಕುವ ಮೊದಲು ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿ ತಿರುಗಿದರೆ ಅಥವಾ ನಿಂತುಬಿಟ್ಟರೆ ಆ ಹೆಡ್ ಇನ್ನೂ ಸೊಟ್ಟಗೇ ಇದೆ. ಹೀಗೇ ಓಡಿಸಿದರೆ ಕ್ಯಾಮ್ ಹಿಡಿದುಕೊಳ್ಳಬಹುದು, ಮುರಿಯಲೂಬಹುದು. ಗೊತ್ತಿರುವ ಕಡೆ ಹೆಡ್ಡನ್ನು ಗಟ್ಟಿ ಪ್ಲೇಟಿಗೆ ಬಿಗಿದು, ಕೆಳಗೆ ಶಿಮ್ (ತೆಳು ಲೋಹದ ಪಟ್ಟಿ) ಇಟ್ಟು, ಓವನ್ನಿನಲ್ಲಿ ಬಿಸಿ ಮಾಡಿ ನಿಧಾನ ತಣಿಸಿ ಮೊದಲು ನೆಟ್ಟಗೆ ಮಾಡುತ್ತಾರೆ, ಆಮೇಲೆ ಸ್ವಲ್ಪವೇ ತುರಿಯುತ್ತಾರೆ. ನನ್ನ ಪ್ರಕಾರ ಇದೇ ಸರಿಯಾದ ದಾರಿ.

ತುರಿಯುವುದಕ್ಕೂ ಒಂದು ಮಿತಿ ಇದೆ. ಹೆಡ್ಡಿನ ಕನಿಷ್ಠ ಎತ್ತರವನ್ನು ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುತ್ತಾರೆ, ಕೆಲವು ಹೆಡ್‌ಗಳನ್ನು ತುರಿಯಲೇಬಾರದು ಅಂತ ಹೇಳಿರುತ್ತಾರೆ. ತುರಿದಷ್ಟೂ ಕಂಪ್ರೆಷನ್ ರೇಶಿಯೊ ಏರುತ್ತದೆ, ವಾಲ್ವ್ ಪಿಸ್ಟನ್ನಿಗೆ ಹತ್ತಿರ ಬರುತ್ತದೆ, ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬಂದು ವಾಲ್ವ್ ಟೈಮಿಂಗ್ ಕೂದಲಷ್ಟು ತಡವಾಗುತ್ತದೆ. ವಿ ಆಕಾರದ ಇಂಜಿನ್‌ಗಳಲ್ಲಿ ಇನ್ನೊಂದು ಸಮಸ್ಯೆ. ಎರಡು ಹೆಡ್‌ಗಳನ್ನು ತುರಿದಾಗ ಅವು ಕೆಳಗಿಳಿಯುತ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ, ನಡುವೆ ಕೂರುವ ಇನ್‌ಟೇಕ್ ಮ್ಯಾನಿಫೋಲ್ಡಿನ ತೂತುಗಳು ತಾಳೆಯಾಗುವುದಿಲ್ಲ. ಆಗ ಮ್ಯಾನಿಫೋಲ್ಡನ್ನೂ ಲೆಕ್ಕ ಹಾಕಿ ತುರಿಯಬೇಕಾಗುತ್ತದೆ. ಒಂದು ಹೆಡ್ ಮಾತ್ರ ತುರಿದರೆ ಎರಡು ಬದಿಯ ಕಂಪ್ರೆಷನ್ ಬೇರೆಬೇರೆ ಆಗುತ್ತದೆ, ಹಾಗಾಗಿ ವಿ ಇಂಜಿನ್ನಿನಲ್ಲಿ ಎರಡನ್ನೂ ಒಂದೇ ಅಳತೆಗೆ ತರುವುದು ಒಳ್ಳೆಯದು. ಡೀಸೆಲ್‌ಗಳಲ್ಲಿ ಪಿಸ್ಟನ್ ಬ್ಲಾಕಿನ ಮುಖದಿಂದ ಎಷ್ಟು ಮೇಲೆ ಬರುತ್ತದೆ ಅಂತ ಡಯಲ್ ಗೇಜಿನಲ್ಲಿ ಅಳೆದು, ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಬೇಕು. ಗ್ಯಾಸ್ಕೆಟ್ಟಿನ ಅಂಚಿನಲ್ಲಿರುವ ಕಚ್ಚು ಅಥವಾ ತೂತುಗಳ ಸಂಖ್ಯೆ ದಪ್ಪವನ್ನು ಹೇಳುತ್ತದೆ.

ಬಿರುಕು ಹುಡುಕುವುದು ತಾಳ್ಮೆಯ ಕೆಲಸ. ಎರಡು ವಾಲ್ವ್ ಸೀಟ್‌ಗಳ ನಡುವೆ, ಸೀಟ್ ಮತ್ತು ಪ್ಲಗ್ ತೂತಿನ ನಡುವೆ ಮೊದಲು ನೋಡಿ, ಅಲ್ಲೇ ಲೋಹ ತೆಳು, ಬಿಸಿ ಜಾಸ್ತಿ. ಅಲ್ಯೂಮಿನಿಯಂ ಹೆಡ್ಡಿಗೆ ಬಣ್ಣದ ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಕಬ್ಬಿಣದ ಹೆಡ್ಡಿಗೆ ಕಾಂತದ ಪುಡಿಯ ಪರೀಕ್ಷೆ ಇದೆ. ಕೂಲಂಟ್ ದಾರಿಯ ಒಳಗಿನ ಬಿರುಕು ಇವೆರಡರಲ್ಲೂ ಸಿಗುವುದಿಲ್ಲ. ಅದಕ್ಕೆ ಹೆಡ್ಡಿನ ಕೂಲಂಟ್ ತೂತುಗಳನ್ನೆಲ್ಲ ಪ್ಲೇಟ್ ಹಾಕಿ ಮುಚ್ಚಿ, ಒಳಗೆ ಗಾಳಿ ತುಂಬಿ ಬಿಸಿ ನೀರಿನಲ್ಲಿ ಮುಳುಗಿಸಬೇಕು. ನೀರು ಯಾಕೆ ಬಿಸಿ ಇರಬೇಕು ಅಂದರೆ, ಕೆಲವು ಬಿರುಕುಗಳು ಹೆಡ್ ಹಿಗ್ಗಿದಾಗ ಮಾತ್ರ ಬಾಯಿ ಬಿಡುತ್ತವೆ. ಹೀಟ್ ಆದ ಹೆಡ್ ಅಂತ ಗೊತ್ತಿದ್ದರೆ ಈ ಪರೀಕ್ಷೆಗೆ ಹಿಂದೆಮುಂದೆ ನೋಡಬೇಡಿ. ಫೇಸಿಂಗ್‌ಗಿಂತ ಮೊದಲೇ ಮಾಡಿಸಿ, ಬಿರುಕು ಬಿಟ್ಟ ಹೆಡ್ಡನ್ನು ತುರಿದು ಏನು ಪ್ರಯೋಜನ?

ಹೀಟ್ ಆದ ಅಲ್ಯೂಮಿನಿಯಂ ಮೆತ್ತಗಾಗಿರಲೂಬಹುದು. ಎರಕ ಹೊಯ್ದ ಮೇಲೆ ಅದನ್ನು ಹದವಾಗಿ ಬಿಸಿ ಮಾಡಿ ಗಟ್ಟಿ ಮಾಡಿರುತ್ತಾರೆ, ಮಿತಿ ಮೀರಿದ ಬಿಸಿ ಆ ಗಟ್ಟಿತನವನ್ನು ತೆಗೆದುಬಿಡುತ್ತದೆ. ಬೋಲ್ಟಿನ ವಾಷರ್ ಕೂರುವ ಜಾಗ ಒಳಗೆ ಕುಸಿದಿದೆಯಾ ನೋಡಿ. ಕುಸಿದಿದ್ದರೆ ಹಾರ್ಡ್‌ನೆಸ್ ಪರೀಕ್ಷೆ ಮಾಡಿಸಿ. ಮೆತ್ತಗಾದ ಹೆಡ್ ಎಷ್ಟು ಬಿಗಿದರೂ ಒತ್ತಡ ಹಿಡಿದಿಟ್ಟುಕೊಳ್ಳುವುದಿಲ್ಲ, ಅದನ್ನು ಬದಲಾಯಿಸುವುದೇ ಸರಿ.

ಹೆಡ್ ಹೇಗೂ ಕೈಯಲ್ಲಿದೆ, ವಾಲ್ವ್‌ಗಳನ್ನೂ ನೋಡಿಬಿಡಿ. ಕಂಬಸ್ಚನ್ ಛೇಂಬರ್ ಮೇಲ್ಮುಖ ಮಾಡಿ, ವಾಲ್ವ್‌ಗಳು ಮುಚ್ಚಿರುವಾಗ ಅದರಲ್ಲಿ ಸೀಮೆಎಣ್ಣೆ ತುಂಬಿ. ಪೋರ್ಟಿನ ಕಡೆ ಒದ್ದೆ ಕಂಡರೆ ಆ ವಾಲ್ವ್ ಕೂರುತ್ತಿಲ್ಲ. ಎಕ್ಸಾಸ್ಟ್ ವಾಲ್ವ್ ಓಡುವಾಗ 700 ಡಿಗ್ರಿಗೂ ಜಾಸ್ತಿ ಬಿಸಿಯಾಗುತ್ತದೆ. ಆ ಬಿಸಿಯ ಸುಮಾರು ಮುಕ್ಕಾಲು ಪಾಲು ಸೀಟಿನ ಮೂಲಕವೇ ಹೆಡ್ಡಿಗೆ ಇಳಿಯಬೇಕು, ಉಳಿದದ್ದು ಗೈಡ್ ಮೂಲಕ. ಸೀಟಿನಲ್ಲಿ ಸರಿಯಾಗಿ ಕೂರದ ವಾಲ್ವಿಗೆ ಆ ದಾರಿ ಮುಚ್ಚಿಹೋಗುತ್ತದೆ, ಅಂಚು ಸುಡುತ್ತದೆ. ಸೀಟಿನ ಪಟ್ಟಿ ಎಲ್ಲ ಕಡೆ ಒಂದೇ ಅಗಲ ಇರಬೇಕು. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವನ್ನು ಸೀಟಿನ ಮೇಲೆ ತಿಕ್ಕಿ ಲ್ಯಾಪ್ ಮಾಡಿದರೆ ಸಣ್ಣ ದೋಷ ಹೋಗುತ್ತದೆ. ಆದರೆ ಸವೆದ ಗೈಡಿನಲ್ಲಿ ಎಷ್ಟು ಲ್ಯಾಪ್ ಮಾಡಿದರೂ ವ್ಯರ್ಥ, ವಾಲ್ವ್ ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತದೆ. ಲೇಪನ ಇರುವ ವಾಲ್ವ್‌ಗಳನ್ನು ಲ್ಯಾಪ್ ಮಾಡಬೇಡಿ ಅಂತ ಕೆಲವು ತಯಾರಕರು ಹೇಳುತ್ತಾರೆ, ನೋಡಿಕೊಳ್ಳಿ. ಸೀಲ್‌ಗಳನ್ನು ಮಾತ್ರ ಯೋಚಿಸದೆ ಹೊಸದು ಹಾಕಿ. ಸೀಟ್ ಕಟ್ ಮಾಡಿಸಿದ್ದರೆ ವಾಲ್ವಿನ ಬಾಲ ಮೇಲೆ ಬಂದು ಟ್ಯಾಪೆಟ್ ಕ್ಲಿಯರೆನ್ಸ್ ಕಮ್ಮಿಯಾಗಿರುತ್ತದೆ, ಅದನ್ನು ಮತ್ತೆ ಹೊಂದಿಸಬೇಕು.

ಕೂರಿಸುವ ಮೊದಲು ಬ್ಲಾಕಿನ ಬೋಲ್ಟ್ ತೂತುಗಳಿಗೆ ಬನ್ನಿ. ಈ ಸಣ್ಣ ಕೆಲಸ ಬಿಟ್ಟವರು ಬ್ಲಾಕನ್ನೇ ಕಳೆದುಕೊಂಡಿದ್ದಾರೆ. ತಳ ಮುಚ್ಚಿದ ತೂತಿನಲ್ಲಿ ಆಯಿಲ್ಲೋ ಕೂಲಂಟೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ದ್ರವ ಕುಗ್ಗುವುದಿಲ್ಲ. ಟಾರ್ಕ್ ರೆಂಚ್ ಟಿಕ್ ಅನ್ನುತ್ತದೆ, ಬಿಗಿದಿದೆ ಅಂದುಕೊಳ್ಳುತ್ತೀರಿ, ಹೆಡ್ ಮಾತ್ರ ಬಿಗಿದಿರುವುದಿಲ್ಲ. ಇನ್ನೂ ಬಿಗಿದರೆ ಬ್ಲಾಕ್ ಸೀಳುತ್ತದೆ. ಗಾಳಿ ಹೊಡೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪ್ರತಿ ತೂತನ್ನೂ ಒಣಗಿಸಿ. ಥ್ರೆಡ್ ಕ್ಲೀನ್ ಮಾಡಲು ಥ್ರೆಡ್ ಚೇಸರ್ ಬಳಸಿ, ಕಟ್ ಮಾಡುವ ಟ್ಯಾಪ್ ಬೇಡ, ಅದು ಲೋಹವನ್ನು ತೆಗೆದುಬಿಡುತ್ತದೆ.

ಬೋಲ್ಟ್ ವಿಷಯದಲ್ಲಿ ತುಂಬಾ ಗೊಂದಲ ಇದೆ. ನಾವು ಹಾಕುವ ಟಾರ್ಕಿನಲ್ಲಿ ಸುಮಾರು 90 ಪ್ರತಿಶತ ಬೋಲ್ಟ್ ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಉಜ್ಜಾಟಕ್ಕೇ ಹೋಗುತ್ತದೆ. ಬೋಲ್ಟನ್ನು ಎಳೆದು ಹೆಡ್ಡನ್ನು ಒತ್ತಿ ಹಿಡಿಯುವುದು ಉಳಿದ 10 ಪ್ರತಿಶತ. ಥ್ರೆಡ್ ಸ್ವಲ್ಪ ತುಕ್ಕು ಹಿಡಿದಿದ್ದರೆ ಉಜ್ಜಾಟ ಏರಿ, ಟಾರ್ಕ್ ಅದೇ ಇದ್ದರೂ ಹಿಡಿತ ಬಿದ್ದುಹೋಗುತ್ತದೆ. ಅದಕ್ಕೇ ಈಗಿನ ಇಂಜಿನ್‌ಗಳಲ್ಲಿ ಸ್ವಲ್ಪ ಟಾರ್ಕ್ ಕೊಟ್ಟು ಆಮೇಲೆ ಕೋನ ಅಳೆದು ತಿರುಗಿಸಲು ಹೇಳುತ್ತಾರೆ. ಉದಾಹರಣೆಗೆ ಮೊದಲು 30 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ. ಇದು ಬರೀ ಉದಾಹರಣೆ, ನಿಮ್ಮ ಇಂಜಿನ್ನಿನ ಅಂಕಿ ಬೇರೆ. ಇಂಥ ಬೋಲ್ಟ್‌ಗಳಲ್ಲಿ ಹೆಚ್ಚಿನವು ಬಿಗಿದಾಗ ಶಾಶ್ವತವಾಗಿ ಹಿಗ್ಗುತ್ತವೆ, ಮತ್ತೆ ಬಳಸುವಂತಿಲ್ಲ. ಥ್ರೆಡ್ಡಿಗೆ ಎಣ್ಣೆ ಹಚ್ಚಬೇಕಾ, ಎಲ್ಲೆಲ್ಲಿ ಹಚ್ಚಬೇಕು ಅನ್ನುವುದನ್ನೂ ಮ್ಯಾನ್ಯುಯಲ್ ಹೇಳಿದಂತೆಯೇ ಮಾಡಿ. ತೂತು ಕೂಲಂಟ್ ದಾರಿಗೆ ತೆರೆದುಕೊಂಡಿದ್ದರೆ ಆ ಬೋಲ್ಟಿಗೆ ಥ್ರೆಡ್ ಸೀಲೆಂಟ್ ಬೇಕು.

ಗ್ಯಾಸ್ಕೆಟ್ಟನ್ನು ಮೇಲುಕೆಳಗು ನೋಡಿ ಇಡಿ, ಗುರುತು ಇರುತ್ತದೆ. ಬ್ಲಾಕಿನ ಆಯಿಲ್ ಮೇಲೇರುವ ತೂತು ಗ್ಯಾಸ್ಕೆಟ್ಟಿನಲ್ಲೂ ಅದೇ ಜಾಗಕ್ಕೆ ಬಂದಿದೆಯಾ ಅಂತ ಬೆರಳಿಟ್ಟು ನೋಡಿ. ವಿ ಇಂಜಿನ್ನಿನಲ್ಲಿ ಎಡ ಬಲ ಗ್ಯಾಸ್ಕೆಟ್‌ಗಳು ಬೇರೆ ಇರಬಹುದು. ಎಂಎಲ್‌ಎಸ್ ಮೇಲೆ ಗ್ರೀಸ್, ಅಂಟು ಏನೂ ಹಚ್ಚಬೇಡಿ. ಕೈಯೂ ಮುಖವೂ ಒಣಗಿರಲಿ. ಹೆಡ್ಡನ್ನು ಸರಿಯಾದ ಜಾಗಕ್ಕೆ ತರುವ ಸಣ್ಣ ಪಿನ್‌ಗಳು, ಅಂದರೆ ಲೊಕೇಟಿಂಗ್ ಡೋವೆಲ್‌ಗಳು, ಜಾಗದಲ್ಲಿವೆಯಾ ನೋಡಿ. ಇನ್ನೊಬ್ಬರನ್ನು ಕರೆದು ಹೆಡ್ಡನ್ನು ನೇರ ಕೆಳಗಿಳಿಸಿ, ಗ್ಯಾಸ್ಕೆಟ್ ಮೇಲೆ ಎಳೆದಾಡಬೇಡಿ. ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ. ರೆಂಚನ್ನು ಒಂದೇ ಸಮನೆ ಎಳೆಯಿರಿ. ಅರ್ಧದಲ್ಲಿ ನಿಲ್ಲಿಸಿ ಮತ್ತೆ ಎಳೆದರೆ ನಿಂತ ಬೋಲ್ಟನ್ನು ಹೊರಡಿಸಲು ಜಾಸ್ತಿ ಬಲ ಬೇಕಾಗಿ ರೆಂಚ್ ಬೇಗ ಟಿಕ್ ಅನ್ನುತ್ತದೆ. ಕೋನದ ಹಂತದಲ್ಲಿ ಬೋಲ್ಟ್ ತಲೆಗೆ ಬಣ್ಣದ ಚುಕ್ಕೆ ಇಡಿ, ಯಾವುದು ಆಯಿತು ಯಾವುದು ಬಾಕಿ ಅನ್ನುವ ಅನುಮಾನ ಉಳಿಯುವುದಿಲ್ಲ.

ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಕ್ಯಾಮ್ ಬಿಗಿದ ಮೇಲೆ ಅರ್ಧ ಗಂಟೆ ಬಿಡಿ. ಅವು ಕುಗ್ಗಲು ಸಮಯ ಬೇಕು, ಇಲ್ಲದಿದ್ದರೆ ವಾಲ್ವ್ ತೆರೆದೇ ನಿಂತು ಪಿಸ್ಟನ್ನಿಗೆ ಬಡಿಯಬಹುದು. ಟೈಮಿಂಗ್ ಹಾಕಿದ ಮೇಲೆ ಕ್ರ್ಯಾಂಕನ್ನು ಪಾನಾದಲ್ಲಿ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು ಮುಗಿಸುತ್ತದೆ, ಗುರುತುಗಳೆಲ್ಲ ಮತ್ತೆ ಒಂದೇ ಕಡೆ ಬರಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡಬೇಡಿ, ನಿಲ್ಲಿಸಿ ಹುಡುಕಿ.

ಹೊಸ ಆಯಿಲ್, ಹೊಸ ಫಿಲ್ಟರ್, ಸರಿಯಾದ ಬಗೆಯ ಕೂಲಂಟ್ ಹಾಕಿ. ಹಳೇ ಆಯಿಲ್ಲಿನಲ್ಲಿ ಕೂಲಂಟ್ ಬೆರೆತಿದ್ದರೆ ಸ್ವಲ್ಪ ಓಡಿಸಿ ಆಯಿಲ್ಲನ್ನು ಮತ್ತೊಮ್ಮೆ ಬದಲಾಯಿಸಿ, ಗ್ಲೈಕಾಲ್ ಬೇರಿಂಗ್‌ಗಳಿಗೆ ಒಳ್ಳೆಯದಲ್ಲ. ಇಂಧನ ಬರದಂತೆ ಮಾಡಿ, ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆಯಿರಿ, ಆಮೇಲೆ ಸ್ಟಾರ್ಟ್ ಮಾಡಿ. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಕೂಲಿಂಗ್ ಸಿಸ್ಟಮ್ಮಿನ ಗಾಳಿ ತೆಗೆಯಿರಿ. ಹೆಡ್ಡಿನಲ್ಲಿ ಗಾಳಿ ಸಿಕ್ಕಿಹಾಕಿಕೊಂಡರೆ ಇಷ್ಟೆಲ್ಲ ಮಾಡಿದ್ದು ಮೊದಲ ದಿನವೇ ಹಾಳಾಗಬಹುದು. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವುದನ್ನು, ಫ್ಯಾನ್ ಹತ್ತಿ ಆರುವುದನ್ನು ನಿಂತು ನೋಡಿ.

ಕೊನೆಗೆ ಬಂದ ಪ್ರಶ್ನೆಗಳು. ಓಡಿಸಿದ ಮೇಲೆ ಹೆಡ್ ಬೋಲ್ಟ್ ಮತ್ತೆ ಬಿಗಿಯಬೇಕಾ ಅಂತ ಒಬ್ಬರು ಕೇಳಿದರು. ಹಳೇ ಕಾಂಪೊಸಿಟ್ ಗ್ಯಾಸ್ಕೆಟ್ ಇಂಜಿನ್‌ಗಳಲ್ಲಿ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಬಿಗಿಯಲು ಮ್ಯಾನ್ಯುಯಲ್ಲೇ ಹೇಳುತ್ತದೆ, ಅಲ್ಲಿ ಮಾಡಿ. ಕೋನ ಅಳೆದು ಬಿಗಿದ, ಹಿಗ್ಗುವ ಬೋಲ್ಟ್‌ಗಳನ್ನು ಮುಟ್ಟಬೇಡಿ.

ಹಳೇ ಬೋಲ್ಟ್ ನೋಡಲು ಚೆನ್ನಾಗಿದ್ದರೆ ಬಳಸಬಹುದಾ ಅಂತ ಇನ್ನೊಬ್ಬರ ಪ್ರಶ್ನೆ. ಮ್ಯಾನ್ಯುಯಲ್ ಉದ್ದದ ಮಿತಿ ಕೊಟ್ಟಿದ್ದರೆ ಅಳೆದು ನೋಡಿ, ಒಳಗಿದ್ದರೆ ಬಳಸಿ. ಬದಲಿಸಲೇಬೇಕು ಅಂತ ಹೇಳಿದ್ದರೆ ಬದಲಿಸಿ, ಅಲ್ಲಿ ನಮ್ಮ ಕಣ್ಣಿನ ಅಂದಾಜಿಗೆ ಬೆಲೆ ಇಲ್ಲ.

ರೇಡಿಯೇಟರಿಗೆ ಸುರಿಯುವ, ಸೋರಿಕೆ ನಿಲ್ಲಿಸುವ ದ್ರವದ ಬಗ್ಗೆಯೂ ಕೇಳಿದರು. ಬಾಟಲಿಯ ಆ ದ್ರವಕ್ಕೆ ಗ್ಯಾಸ್ಕೆಟ್ಟಿನ ತೂತು ಯಾವುದು, ರೇಡಿಯೇಟರಿನ ಸಣ್ಣ ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಕಟ್ಟುತ್ತದೆ. ಯಾರಾದರೂ ಅದನ್ನು ಹಾಕಿ ಓಡಿಸಿದ ಇಂಜಿನ್ ನಿಮ್ಮ ಹತ್ತಿರ ಬಂದರೆ, ಹೆಡ್ ಕೆಲಸದ ಜೊತೆಗೆ ರೇಡಿಯೇಟರ್ ಮತ್ತು ಹೀಟರ್ ಕೋರ್ ಎರಡನ್ನೂ ಫ್ಲಶ್ ಮಾಡಿ, ನೀರು ಸರಾಗವಾಗಿ ಹರಿಯದಿದ್ದರೆ ರೇಡಿಯೇಟರನ್ನು ಬದಲಾಯಿಸಿ, ಆಮೇಲೆ ಕೂಲಂಟ್ ತುಂಬಿ.